ಪ್ಲೂಟೋನ ಬಾಗಿಲು

ಮಾರ್ಚ್ 3, ಸೋಮವಾರ
ಇಂದೂ ಗುಹೆಯೊಳಗೇ. ಸಿಂಗಪುರದ ಬ್ಯೂನಾ ವಿಸ್ಟಾದ ನಮ್ಮ ಸ್ಟುಡಿಯೋದಲ್ಲಿ ಪ್ರದರ್ಶನಕ್ಕೆಂದು ಪ್ಲೈವುಡ್, ಫೋಮಿನಿಂದ ಕಟ್ಟಿದ್ದು. ಅಸಲಿ ಗುಹೆ ಟರ್ಕಿಯ ಹಿಯೆರಾಪೊಲಿಸ್‌ನಲ್ಲಿ. ರೋಮನ್ನರ ಕಾಲದ ದೇಗುಲ. ಪಾತಾಳದ ದೊರೆ ಪ್ಲೂಟೋನ ಬಾಗಿಲಂತೆ. ನೆಲದ ಬಿರುಕಿನಿಂದ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ಗಾಳಿಗಿಂತ ಭಾರ, ಕೆಳಗೇ ಮಡುಗಟ್ಟುತ್ತದೆ. ಒಳಗೆ ಬಿಟ್ಟ ಹೋರಿ ಸಾಯುತ್ತಿತ್ತು, ಪಕ್ಕದಲ್ಲಿ ನಿಂತ ಪೂಜಾರಿ ಬದುಕುತ್ತಿದ್ದ. ಜನ ಪವಾಡವೆಂದರು. ಪೂಜಾರಿಯ ಮೂಗು ಅನಿಲಕ್ಕಿಂತ ಎತ್ತರದಲ್ಲಿತ್ತು, ಅಷ್ಟೇ. ಪ್ರದರ್ಶನದ ಫಲಕಗಳಿಗೆ ಇದನ್ನೆಲ್ಲ ಬರೆದವಳು ನಾನು.

ನಮ್ಮ ಗುಹೆಯ ಮಂಜಿಗೆ ಡ್ರೈ ಐಸ್. ಅದೂ ಅದೇ ಅನಿಲ, ಹೆಪ್ಪುಗಟ್ಟಿಸಿದ್ದು. ಮ್ಯಾನೇಜರ್ ಮಹೇಶಕುಮಾರ್‌ಗೆ ಹೇಳಿದೆ, ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.
"ಫ್ರೈಡೇ ಓಪನಿಂಗ್, ವರ್ಣಿಕಾ. ಆಮೇಲೆ ಹಾಕಿಸೋಣ."

ಮಾರ್ಚ್ 5, ಸಂಜೆ 4
ಬೆಳಿಗ್ಗೆ ಮಂಜಿನ ಟ್ರಯಲ್. ಒಳಗೆ ನಾನು, ಬಡಗಿ ಅನಂತರಾಮ್ ಅಂಕಲ್. ಅವರು ಮಂಡಿಯೂರಿ ನೆಲದ ಹಲಗೆ ಬಿಗಿಯುತ್ತಿದ್ದರು. ಬಾಗಿಲು ಮುಚ್ಚಿತು. ಒಳಗಡೆ ಹಿಡಿಕೆಯನ್ನೇ ಇನ್ನೂ ಹಾಕಿರಲಿಲ್ಲ. ಮಂಜು ಬಂತು.
"ಯಾಕೋ ತಲೆ ಸುತ್ತುತ್ತೆ ಕಣಮ್ಮ..."
ಅಲ್ಲೇ ವಾಲಿದರು. ನಿಂತಿದ್ದ ನನಗೇನೂ ಆಗಿರಲಿಲ್ಲ. ಆಗ ಹೊಳೆಯಿತು. ಉಸಿರು ಬಿಗಿಹಿಡಿದು ಬಗ್ಗಿದೆ. ಕಂಕುಳಿಗೆ ಕೈಕೊಟ್ಟು ಫೋಮ್ ಬಂಡೆಯ ಮೇಲಕ್ಕೆ ಎಳೆದೆ. ಜಾರಿದರು. ಮತ್ತೆ ಎಳೆದೆ. ಬಾಗಿಲು ಬಡಿದೆ, ಕಿರುಚಿದೆ. ಹೊರಗೆ ಸೌಂಡ್ ಟೆಸ್ಟ್, ಯಾರಿಗೂ ಕೇಳಲಿಲ್ಲ. ಕೊನೆಗೆ ಅವರದೇ ಸುತ್ತಿಗೆ ತೆಗೆದುಕೊಂಡು ಗೋಡೆ ಒಡೆದೆ.

ಮಾರ್ಚ್ 6
ಆಸ್ಪತ್ರೆಗೆ ಹೋಗಿದ್ದೆ. ಅಂಕಲ್ ಕಣ್ಣು ಬಿಟ್ಟಿದ್ದಾರೆ. ಮಾತು ತೊದಲುತ್ತದೆ. ಅವರ ಹೆಂಡತಿ ಸೀತಾ ಆಂಟಿ ನನ್ನ ಕೈ ಬಿಡಲೊಲ್ಲರು.
"ಫ್ಯಾನ್ ಇರ್ಲಿಲ್ವೇನಮ್ಮ?"

ಮಾರ್ಚ್ 10
ಮಹೇಶಕುಮಾರ್ ಒಂದು ಕಾಗದ ಮುಂದಿಟ್ಟರು. ಹಾಕಿಸದೇ ಇದ್ದ ಫ್ಯಾನ್ ಅಂದು ಓಡುತ್ತಿತ್ತಂತೆ. ಅಂಕಲ್ಲೇ ಆಫ್ ಮಾಡಿದರಂತೆ. ನಾನು ಕಣ್ಣಾರೆ ನೋಡಿದೆನಂತೆ!
"ಸೈನ್ ಮಾಡಿ. ನಿಮ್ಮ ವರ್ಕ್ ಪಾಸ್ ರಿನ್ಯೂವಲ್ ಬೇರೆ ಇದೆ ಅಲ್ವಾ, ಈ ತಿಂಗಳು?"
ಪಾಸ್ ಹೋದರೆ ಗಂಟುಮೂಟೆ ಕಟ್ಟಿ ಈ ದೇಶ ಬಿಡಬೇಕು. ಟೋವಾ ಪಾಯೋದ ಮನೆ, ಮಗಳ ಸ್ಕೂಲು... ಸೈನ್ ಹಾಕಿದರೆ ಆಂಟಿಯ ಮುಖ ನೋಡುವುದು ಹೇಗೆ? ಎತ್ತ ತಿರುಗಿದರೂ ಗೋಡೆ.
ಮಗಳು ರಿಯಾಗೆ ಎಲ್ಲ ಹೇಳಿದೆ. ಹನ್ನೊಂದು ವರ್ಷ, ಅರ್ಥವಾಗುತ್ತದೆ. ಬಹಳ ಹೊತ್ತು ಅತ್ತಳು.
"ನಂಗೆ ಹೋಗಕ್ಕೆ ಇಷ್ಟ ಇಲ್ಲ... ಆದ್ರೆ ಆ ಅಂಕಲ್ ಏನೂ ತಪ್ಪು ಮಾಡಿಲ್ವಲ್ಲಮ್ಮಾ."

ಮಾರ್ಚ್ 11, ಬೆಳಿಗ್ಗೆ 9:20
ಕಾಗದ ಹರಿದು ಹಾಕಿದೆ. ಅಪಘಾತದ ತನಿಖೆ ಮಾಡುವವರ ಆಫೀಸಿನಲ್ಲಿ ಕೂತಿದ್ದೇನೆ. ಮಹೇಶಕುಮಾರ್‌ರ ಆರು ಮಿಸ್ಡ್ ಕಾಲ್. ಈಗ ಏಳು. ನನ್ನ ನಂಬರ್ ಕರೆದರು. ಒಳಗೆ ಹೋಗಿ ಮೊದಲು ಹೇಳಬೇಕಾದದ್ದು: ಫ್ಯಾನ್ ಇರಲೇ ಇಲ್ಲ.