ಪ್ರಣತಿಯ ಫೋನಿನಲ್ಲಿದ್ದ ನಿಮ್ಮ ದನಿ

ರೀ,

ನಿಮ್ಮ ವೈಕುಂಠ ಸಮಾರಾಧನೆ ಮುಗಿಸಿಕೊಂಡು ಪ್ರಣತಿ ನಿನ್ನೆ ಅಮೆರಿಕಕ್ಕೆ ವಾಪಸ್ ಹೊರಟಳು. ಪುಂಗೋಲ್‌ನ ನಮ್ಮ ಮನೆಯಿಂದ ಚಾಂಗಿ ಏರ್‌ಪೋರ್ಟಿನವರೆಗೂ ಟ್ಯಾಕ್ಸಿಯಲ್ಲಿ ಅವಳ ಫೋನ್ ಖಾಲಿ ಮಾಡುವುದೇ ಕೆಲಸವಾಯಿತು. ಕಾಲೇಜಿನ ಹುಲ್ಲುಹಾಸಿನಲ್ಲಿ ಟೆಂಟ್ ಹಾಕಿಕೊಂಡು ಪ್ರತಿಭಟನೆಗೆ ಕೂತಿದ್ದಳಲ್ಲ, ಆ ಫೋಟೋಗಳನ್ನೆಲ್ಲ ಅಳಿಸಿದಳು. ಅಲ್ಲಿ ಇಳಿದ ಕೂಡಲೇ ಇಮಿಗ್ರೇಶನ್‌ನವರು ಫೋನ್ ನೋಡುತ್ತಾರಂತೆ, ವೀಸಾ ರದ್ದು ಮಾಡಿ ಹಿಂದಕ್ಕೆ ಕಳಿಸುತ್ತಾರಂತೆ. ಹೋದ ವರ್ಷ "ನೋಡಿದ್ರೆ ನೋಡ್ಲಿ ಲಾ" ಎಂದು ಇಲ್ಲಿಯವರ ಧಾಟಿಯಲ್ಲಿ ಹೇಳಿದ್ದ ಹುಡುಗಿ ಈ ಸಲ ಒಂದೊಂದನ್ನೇ ಹುಡುಕಿ ಅಳಿಸುತ್ತಿದ್ದಳು.

ಕೊನೆಗೆ ಉಳಿದದ್ದು ನೀವು ಆಸ್ಪತ್ರೆಯಿಂದ ಅವಳಿಗೆ ಕಳಿಸಿದ್ದ ವಾಯ್ಸ್ ಮೆಸೇಜ್. ಅದನ್ನು ನನಗೆ ಫಾರ್ವರ್ಡ್ ಮಾಡಿ ಫೋನನ್ನು ನನ್ನ ಕೈಗಿಟ್ಟಳು. "ಅಮ್ಮ, ನನ್ ಕೈಲಿ ಆಗಲ್ಲ. ನೀನೇ ಡಿಲೀಟ್ ಮಾಡು."

ಮಾಡಿದೆ.

ಮನೆಗೆ ಬಂದು ನಿಮ್ಮ ಮೆಸೇಜ್ ಹಾಕಿಕೊಂಡು ಕೇಳಿದೆ. "ನೀನ್ ಕೂತಿದ್ದು ಸರಿ ಪುಟ್ಟಿ. ನಾನಾಗಿದ್ರೂ ಕೂರ್ತಿದ್ದೆ. ಅಮ್ಮಂಗೆ ಮಾತ್ರ ಹೇಳ್ಬೇಡ. ನಿಂಗೆ ಚೆನ್ನಾಗಿ ಬೈದಿದೀನಿ ಅಂದಿದೀನಿ."

ಹೌದು, ಹಾಗೇ ಅಂದಿದ್ದಿರಿ. ನೀವು ಬೈದದ್ದು ಸಾಲದೆಂದು ನಾನೂ ಅವಳಿಗೆ ಫೋನ್ ಮಾಡಿ ಬೈದಿದ್ದೆ. "ಸರಿ ಅಮ್ಮ, ಸರಿ" ಎಂದಿದ್ದಳು.

ವಿಮಾನ ಇಳಿದು ಎಷ್ಟೋ ಹೊತ್ತಾಯಿತೆಂದು ಆ್ಯಪ್ ತೋರಿಸುತ್ತಿದೆ. ಅವಳ ಫೋನ್ ಇನ್ನೂ ಬಂದಿಲ್ಲ. ನಾನು ಮಾಡಿದರೆ ಹೋಗುತ್ತಿಲ್ಲ. ಯಾರನ್ನು ಕೇಳಬೇಕೋ ಗೊತ್ತಿಲ್ಲ.

ನಿಮ್ಮ ಆ ಮಾತು ಈಗ ಉಳಿದಿರುವುದು ನನ್ನ ಫೋನಿನಲ್ಲಿ ಮಾತ್ರ. ದನಿಗಾಗಿ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದೇನೆ. ಪ್ರತಿ ಸಲವೂ ನನಗೆ ಮಾತ್ರ ಹೇಳಬೇಡ ಎನ್ನುತ್ತೀರಿ.