ಎಂಟಿಲ್ಲದ ಸಂಖ್ಯೆ

ಇಳಕಲ್
12 ಸೆಪ್ಟೆಂಬರ್ 2024, ಗುರುವಾರ

ಪ್ರೀತಿಯ ತಮ್ಮ ಬಸು,

ಆರಾಮ ಇದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಬಿ.ಪಿ. ಗುಳಿಗೆ ಇಲ್ಲೇ ಬಿಟ್ಟು ಹೋಗಿದ್ದೀಯ, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ನಿನ್ನ ಫೋನ್ ಬಂದ್ ಇದೆ. ಪೊಲೀಸರಿಗೂ ತಿಳಿಸಿದ್ದೇವೆ, ಸಿಟ್ಟಾಗಬೇಡ. ಸೋಮವಾರ ನೀನು ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು ಬಾದಾಮಿ ಬಸ್ ಹತ್ತಿದೆ ಎಂದು ಚಹಾದಂಗಡಿಯ ಕಾಸಿಂಬಿ ಹೇಳಿಕಳಿಸಿದಳು. ಮತ್ತೆ ಬಂದರೆ ಈ ಪತ್ರ ನಿನ್ನ ಕೈಗೆ ಕೊಡುತ್ತಾಳಂತೆ. ಸೀರೆ ಒಯ್ಯಲು ಬಂದ ಅವಳ ಮಗ ಹುಸೇನಪೀರ ಈ ಪತ್ರವನ್ನೂ ಒಯ್ಯಲು ಕಟ್ಟೆಯ ಮೇಲೆ ಕಾಯುತ್ತಿದ್ದಾನೆ.

ಕೊಂಡಿ ತಪ್ಪುವುದು ಯಾವ ನೇಕಾರನ ಮನೆಯಲ್ಲಿ ಇಲ್ಲ, ಬಸು? ಸೆರಗಿನ ಎಳೆ ಒಂದೊಂದನ್ನೂ ಒಡಲಿನ ಎಳೆಗೆ ಸಿಕ್ಕಿಸುತ್ತಾ ಹೋಗುವಾಗ ನೀನು ನಡುವೆ ಒಂದನ್ನು ಬಿಟ್ಟೆ. ಅಲ್ಲಿಂದ ಮುಂದಿನವೆಲ್ಲ ಸರಿದುಹೋಗಿ, ಕೊನೆಗೆ ಒಂದೆಳೆ ಜೋಡಿಯಿಲ್ಲದೆ ಉಳಿಯಿತು. ಅಷ್ಟಕ್ಕೇ ಅಪ್ಪ ಓಣಿಯ ಮಂದಿಯ ಮುಂದೆ, "ನೀ ಇಲ್ಲದಿದ್ರನ ಮಗ್ಗ ನೆಟ್ಟಗ ನಡೀತೈತಿ" ಅಂದುಬಿಟ್ಟ. ರಾತ್ರಿ ಊಟಕ್ಕೆ ಕೂತಾಗ ನೀನು ಆ ಹಳೆಯ ಸಂಖ್ಯೆಯನ್ನು ತೆಗೆದೆ.

12345679. ಸಣ್ಣವರಿದ್ದಾಗ, ಯಾವ ಅಂಕಿ ಬೇಕು ಹೇಳಕ್ಕ ಎಂದು ಕೇಳುತ್ತಿದ್ದೆ. ನಾನು ಐದು ಎಂದರೆ ನೀನು ಅದರ ಒಂಬತ್ತರಷ್ಟು, ಅಂದರೆ ನಲವತ್ತೈದರಿಂದ ಗುಣಿಸಿ, ಸಾಲಾಗಿ ಒಂಬತ್ತು ಐದುಗಳನ್ನು ಬರೆದು ತೋರಿಸುತ್ತಿದ್ದೆ. ಕವಿತೆ ಓದುವ ನಾನು ಅದನ್ನು ಪ್ರಾಸ ಎಂದು ಕರೆಯುತ್ತಿದ್ದೆ. ಅವತ್ತು ನೀನು ತಟ್ಟೆ ನೋಡುತ್ತಲೇ, "ಅದರಾಗ ಎಂಟು ಇಲ್ಲ ನೋಡಕ್ಕ. ಅದೊಂದು ಹೊರಗ ನಿಂತೈತಿ ಅಂತನ ಉಳಿದಾವೆಲ್ಲ ಒಂದ ಸಮ ಬರ್ತಾವ. ಈ ಮನ್ಯಾಗ ಆ ಎಂಟು ನಾನ" ಅಂದೆ. ಬೆಳಗಾದರೆ ನಿನ್ನ ಹಾಸಿಗೆ ಖಾಲಿ.

ಅಂದಿನಿಂದ ನಾನು ಗುಣಿಸುತ್ತಲೇ ಇದ್ದೇನೆ. ನಿನ್ನ ಮಾತು ಸುಳ್ಳಾಗಲಿ ಎಂದು ಎಂಟನ್ನು ಅದರ ಜಾಗದಲ್ಲಿ ಕೂರಿಸಿ ಒಂಬತ್ತರಿಂದ ಗುಣಿಸಿದೆ. 1111111101 ಬಂತು. ಅಷ್ಟು ಒಂದುಗಳ ನಡುವೆ ಬಾಯಿ ತೆರೆದ ಒಂದು ಸೊನ್ನೆ. ನೀನೇ ಗೆದ್ದೆಯೇನೋ ಅನ್ನಿಸಿತು. ಮತ್ತೆ ಎಂಟಿಲ್ಲದ್ದನ್ನೇ ಹಿಡಿದು ಗುಣಿಸುತ್ತಾ ಹೋದೆ. ಎಪ್ಪತ್ತೆರಡರಿಂದ ಗುಣಿಸಿದಾಗ ಏನು ಬಂತು ಗೊತ್ತೇ? 888888888. ಹೊರಗೆ ನಿಂತ ಎಂಟೇ ಒಂಬತ್ತೂ ಜಾಗದಲ್ಲಿ ಕೂತಿತ್ತು. ನೀನು ಹೋದ ಮೇಲೆ ನಮ್ಮ ಮನೆಯೂ ಹಾಗೇ ಆಗಿದೆ. ಗೂಟದ ಮೇಲೆ ನಿನ್ನ ಟವೆಲ್, ಕನ್ನಡಿಯ ಮುಂದೆ ನಿನ್ನ ಬಾಚಣಿಗೆ, ಎತ್ತ ನೋಡಿದರೂ ನೀನೇ. ಎಲ್ಲ ಒಂದೇ ಸಮ ಇದೆ ನಿಜ, ಆದರೆ ಇದರೊಳಗೆ ಬದುಕಲು ಆಗುತ್ತಿಲ್ಲ, ಬಸು. ಸಮಾಧಾನಕ್ಕೆ ಹೇಳುತ್ತಿಲ್ಲ. ನೀನೇ ಗುಣಿಸಿ ನೋಡು.

ಅಪ್ಪ ಮಗ್ಗದ ಕಡೆ ಹೋಗಿಲ್ಲ. ಬಾಗಿಲು ಸಪ್ಪಳವಾದರೆ ಮೊದಲು ಏಳುವವನು ಅವನೇ. ನಾನು ಬರೆಯುವುದನ್ನು ನೋಡಿ, "ನಾ ಅಂದಿದ್ದು ಮಗ್ಗದ ಮಾತು, ಮನಿ ಮಾತಲ್ಲ. ಹಂಗಂತ ಅವಗ ಬರಿ" ಅಂದ. ಅವನ ಬಾಯಿಂದ ಇಷ್ಟು ಬಂದಿದ್ದೇ ದೊಡ್ಡದು.

ಹಿರಿಯಳಾಗಿ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ, ನನಗಿಂತ ಹೆಚ್ಚು ದಿನ ಬಾಳು.

ನಿನ್ನ ಅಕ್ಕ,
ಲಲಿತಾ

ತಾ.ಕ.: ಸಹಿ ಮಾಡುವಷ್ಟರಲ್ಲಿ ಪೊಲೀಸರ ಫೋನ್ ಬಂತು. ಪಟ್ಟದಕಲ್ಲಿನ ಹತ್ತಿರ ಹೊಳೆಯಲ್ಲಿ ಯಾರದೋ ಶವ ಸಿಕ್ಕಿದೆಯಂತೆ, ವಯಸ್ಸು ನಿನ್ನಷ್ಟೇ. ಗುರುತು ಹಿಡಿಯಲು ಬರಬೇಕಂತೆ. ಅಪ್ಪ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದಾನೆ. ಈ ಪತ್ರ ಸಿಕ್ಕ ಕೂಡಲೇ ಕಾಸಿಂಬಿಯ ಫೋನಿನಿಂದ ನನಗೆ ಹಚ್ಚು. ಮಾತಾಡಲು ಮನಸ್ಸಿಲ್ಲದಿದ್ದರೆ ಬೇಡ. ಬರೇ ಒಮ್ಮೆ ಕೆಮ್ಮು, ನಾವು ಅರ್ಧ ದಾರಿಯಿಂದಲೇ ತಿರುಗಿ ಬರುತ್ತೇವೆ.