ಮೇಲ್ತುದಿ ಹಿಡಿದವನು

ಸೋಮವಾರ, ೪

ಎರಡು ಮನೆ ಶಿಫ್ಟಿಂಗ್. ಮೈಯೆಲ್ಲ ಹಣ್ಣಾಗಿದೆ. ಭಾವ ಮತ್ತೆ ಮುಖ ಊದಿಸಿಕೊಂಡಿದ್ದರು. ಸಾಮಾನಿನ ಮೇಲ್ತುದಿ ನನ್ನದು, ದಾರಿ ಹೇಳುವವನೂ ನಾನೇ. ಅವರು ಕೆಳತುದಿ ಹಿಡಿದು ಹಿಮ್ಮುಖವಾಗಿ ಮೆಟ್ಟಿಲು ಇಳಿಯಬೇಕು. ಅಕ್ಕನ ಗಂಡ, ವಯಸ್ಸಲ್ಲಿ ದೊಡ್ಡವರು... ಹೊಟ್ಟೆಕಿಚ್ಚು ಇರುತ್ತೆ, ಪಾಪ.

ಊಟದ ಹೊತ್ತಿಗೆ "ನಿನಗೊಂದು ಮಾತು ಹೇಳ್ಬೇಕಿತ್ತು ಕಣೋ, ಈ ಕೈ..." ಅಂದರು. ಕೈ ಅಂದ ಕೂಡಲೇ ನನ್ನ ಭುಜದ ನೋವು ನೆನಪಾಯಿತು. ಪೂರ್ತಿ ಹೇಳಿದೆ. ಡಬ್ಬಿ ಮುಚ್ಚಿ ಎದ್ದುಹೋದರು. ಇನ್ನೊಬ್ಬರ ಕಷ್ಟ ಕೇಳುವ ತಾಳ್ಮೆ ಬೇಡವೇ ಮನುಷ್ಯನಿಗೆ?

ಬುಧವಾರ, ೬

ಅಕ್ಕನ ಫೋನ್. "ಅವರ ಹತ್ರ ಸ್ವಲ್ಪ ಮಾತಾಡೋ." ಮಾತಾಡಿದೆನಲ್ಲ! ಲಾರಿಯಲ್ಲಿ ದಾರಿಯುದ್ದಕ್ಕೂ. ಗೋಡೆಗೆ ಹೇಳಿದಂತಾಯಿತು. ಕಿಟಕಿ ಕಡೆ ತಿರುಗಿ ಬೆರಳು ಮಡಚುವುದು, ಬಿಡಿಸುವುದು — ಅಷ್ಟೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಅವರಾಗೇ ಬಾಯಿ ಬಿಡಲಿ.

ಶನಿವಾರ, ೯

ಮೂರನೇ ಮಹಡಿ. ಕಬ್ಬಿಣದ ಬೀರು. ತಿರುವಿನಲ್ಲಿ ಭಾವ "ತಡಿ" ಅಂದರು. ಗಿರಾಕಿಗಳ ಮುಂದೆ ನನಗೇ ಆರ್ಡರ್ ಮಾಡ್ತಾರಲ್ಲ ಅನ್ನಿಸಿತು. "ಬನ್ನಿ ಬನ್ನಿ, ಏನಾಗಲ್ಲ" ಅಂದೆ.

"ತಡಿಯೋ, ಕೈ..."

ನೂಕಿದೆ. ಬೀರು ಅವರ ಕೈಯಿಂದ ಜಾರಿ ಕಾಲಿನ ಮೇಲೆ ಬಿತ್ತು.

ಮಂಗಳವಾರ, ೧೨

ಆಸ್ಪತ್ರೆ. ಪಾದದ ಮೂಳೆ ಮುರಿದಿದೆ. ಇನ್ನು ಭಾರ ಹೊರುವಂತಿಲ್ಲವಂತೆ. ಮಂಚದ ಪಕ್ಕ ಕೂತು ಶುರು ಮಾಡಿದೆ — "ಅವತ್ತಿನಿಂದ ನನಗೆ ನಿದ್ದೆಯಿಲ್ಲ ಭಾವ, ಊಟ ಸೇರ್ತಿಲ್ಲ..."

ಅಕ್ಕ ತಡೆದಳು. "ಕಾಲು ಮುರಿದಿದ್ದು ಅವರದ್ದು, ಗೋಳು ನಿಂದು! ಅವರ ಬೆರಳು ಜೋಮು ಹಿಡಿದು ತಿಂಗಳಾಯ್ತು. ಹೇಳೋಕೆ ಬಂದಾಗೆಲ್ಲ ನಿಂದೇ ಪುರಾಣ. ಒಂದ್ಸಲ ಅವರನ್ನ ಕೇಳೋ."

ನಾಚಿಕೆಯಾಯಿತು. ಅಳು ಬಂತು. "ನಿಮಗೆ ಏನಾಗ್ತಿದೆ ಭಾವ?" ಅಂದೆ. ಇಷ್ಟು ವರ್ಷ ಜೊತೆಗೆ ಹೊತ್ತಿದ್ದೇವೆ, ಹೀಗೆ ಕೇಳಿದ್ದು ಇದೇ ಮೊದಲು. ಅವರು ನನ್ನ ಕಡೆ ತಿರುಗಿದರು. ಆಮೇಲೆ ಹೇಳಿದರು.

ಅದೇ ದಿನ, ಸಂಜೆ

ಅವರು ಹೇಳಿದ್ದನ್ನು ಮರೆಯುವ ಮುಂಚೆ ಬರೆದಿಡಬೇಕು. ಬೆಳಗ್ಗೆ ಶರ್ಟಿನ ಗುಂಡಿ ಹಾಕೋಕೂ ಆಗಲ್ಲವಂತೆ. ಅಕ್ಕನೇ ಹಾಕಬೇಕಂತೆ. ನನಗೂ ಒಂದ್ಸಲ ಹೀಗೇ —

ಇಲ್ಲ. ಇದು ಅವರ ಮಾತು. ಭಾವ ಹೇಳಿದ್ದಷ್ಟನ್ನೇ ಬರೆಯಬೇಕು.